ತಾರಸಿ ತೋಟದ ‘ಬಗ್’ ರಿಪೋರ್ಟ್: ಅಜ್ಜಿಯ ಒಂಬತ್ತು ಸೋರೆಬೀಜಗಳು

ಬಗ್ ಹುಡುಕೋದು ನನ್ನ ಹೊಟ್ಟೆಪಾಡು. ಸಾಫ್ಟ್‌ವೇರ್ ಟೆಸ್ಟರ್ ಆಗಿ ಏಳು ವರ್ಷ ಆಯ್ತು. ಬೇರೆಯವರು ಬರೆದ ಕೋಡಿನಲ್ಲಿ ಹುಳುಕು ಹುಡುಕಿ, ಅದಕ್ಕೊಂದು ನಂಬರ್ ಕೊಟ್ಟು, ಸತ್ತಿತೋ ಇಲ್ಲವೋ ಅಂತ ಮತ್ತೆ ಮತ್ತೆ ಪರೀಕ್ಷಿಸೋದು. ಅಂಥವಳಿಗೆ ತಾರಸಿ ಮೇಲಿನ ನಿಜವಾದ ಬಗ್‌ಗಳಲ್ಲಿ ಕಳ್ಳ ಯಾರು, ಕಾವಲುಗಾರ ಯಾರು ಅಂತ ಗೊತ್ತಾಗೋಕೆ ಒಂದು ವರ್ಷಕ್ಕಿಂತ ಜಾಸ್ತಿ ಬೇಕಾಯ್ತು. ಅಷ್ಟರಲ್ಲಿ ಅಜ್ಜಿಯ ಒಂಬತ್ತು ಸೋರೆಬೀಜಗಳಲ್ಲಿ ಐದು ಮುಗಿದೇ ಹೋಗಿದ್ದವು.

ಅಜ್ಜಿ ಇದ್ದದ್ದು ತಿಪಟೂರಿನ ಹತ್ತಿರದ ಒಂದು ಹಳ್ಳಿಯಲ್ಲಿ. ಹಿತ್ತಲಲ್ಲಿ ಬಚ್ಚಲ ನೀರು ಹರಿಯೋ ಕಡೆ ಬಾಳೆ, ಕೆಸು. ಕೊಟ್ಟಿಗೆ ಮಾಡಿನ ಮೇಲೆ ಸೋರೆಬಳ್ಳಿ. ಈಗ ಅಂಗಡಿಯಲ್ಲಿ ಸಿಗೋ ಉದ್ದನೆ ಸೋರೆ ಅಲ್ಲ ಅದು. ಕುತ್ತಿಗೆ ಸಣ್ಣ, ಹೊಟ್ಟೆ ದಪ್ಪ, ತಂಬಿಗೆ ಥರದ್ದು. ವರ್ಷಕ್ಕೊಂದು ಕಾಯಿಯನ್ನು ಕೀಳದೆ ಬಳ್ಳಿಯಲ್ಲೇ ಒಣಗೋಕೆ ಬಿಡ್ತಿದ್ದಳು. ಅದರ ಬೀಜ ಮುಂದಿನ ವರ್ಷಕ್ಕೆ, ಬುರುಡೆ ಮಕ್ಕಳಿಗೆ. ನಮ್ಮಮ್ಮ, ಮಾವಂದಿರು ಎಲ್ಲ ಆ ಬುರುಡೆಯನ್ನು ಸೊಂಟಕ್ಕೆ ಕಟ್ಟಿಕೊಂಡೇ ಕೆರೆಯಲ್ಲಿ ಈಜು ಕಲಿತವರು. ಚಿಕ್ಕವಳಿದ್ದಾಗ ಅಮ್ಮ ಇದನ್ನು ಹೇಳಿದರೆ ಬುರುಡೆ ಬಿಡ್ತಿದ್ದಾಳೆ ಅಂದುಕೊಂಡಿದ್ದೆ.

ಅಜ್ಜಿ ತೀರಿಕೊಂಡ ಮೇಲೆ ಮನೆ ಪಾಲಾಯಿತು, ಆಮೇಲೆ ಮಾರಾಟವೂ ಆಯಿತು. ಅಟ್ಟ ಖಾಲಿ ಮಾಡುವಾಗ ಒಂದು ಹಳೇ ಡಬ್ಬಿಯಲ್ಲಿ ಬೂದಿ ಬೆರೆಸಿದ ಬಟ್ಟೆಗಂಟು ಸಿಕ್ಕಿತು. ಒಳಗೆ ಒಂಬತ್ತು ಬೀಜ. ಹಿತ್ತಲೂ ಇಲ್ಲ, ಕೊಟ್ಟಿಗೆಯೂ ಇಲ್ಲ. ಅಮ್ಮ ಫ್ಲ್ಯಾಟಲ್ಲಿ ಇರೋಳು. “ನೀನು ಗಿಡ ಗಿಡ ಅಂತೀಯಲ್ಲ, ಇಟ್ಕೋ” ಅಂತ ನನ್ನ ಕೈಗೆ ಕೊಟ್ಟಳು.

ನಮ್ಮದು ಬೆಂಗಳೂರಲ್ಲಿ ಮೂರನೇ ಮಹಡಿಯ ಬಾಡಿಗೆ ಮನೆ. ತಾರಸಿ ಬಳಸಿಕೊಳ್ಳೋಕೆ ಓನರ್ ಆಂಟಿ ಹಾಕಿದ ಷರತ್ತು ಒಂದೇ: “ಸೋರೆ ಬೇಕಾದ್ರೆ ಬೆಳ್ಕೊಳ್ಳಿ, ತಾರಸಿ ಮಾತ್ರ ಸೋರಬಾರದು.” ಹಾಗಾಗಿ ಇಟ್ಟಿಗೆ ಮೇಲೆ ಹಲಗೆ, ಹಲಗೆ ಮೇಲೆ 18 ಇಂಚಿನ ಗ್ರೋ ಬ್ಯಾಗ್. ಕೆಂಪು ಮಣ್ಣು, ಕೊಕೊಪೀಟ್, ಗೊಬ್ಬರ ಮೂರೂ ಸಮಸಮ. ಬಟ್ಟೆ ಒಣಗಿಸೋ ಹಗ್ಗಕ್ಕೇ ಇನ್ನಷ್ಟು ಹಗ್ಗ ಕಟ್ಟಿ ಚಪ್ಪರ. ಬಳ್ಳಿ ತರಕಾರಿಗೆ ಸಣ್ಣ ಕುಂಡ ಸಾಲಲ್ಲ, ಬೇರು ಸುತ್ತಿಕೊಂಡು ಬಳ್ಳಿ ಅರ್ಧಕ್ಕೇ ನಿಂತುಬಿಡುತ್ತೆ. ಇಷ್ಟು ಗೊತ್ತಿದ್ದರೆ ಮಣ್ಣಿನ ವಿಷಯ ಮುಗೀತು. ನನ್ನ ಕಥೆ ಇರೋದು ಹುಳುಗಳದ್ದು.

ಮೊದಲ ವರ್ಷ: ಎಲ್ಲರನ್ನೂ ಕೊಂದೆ

ಕಳೆದ ವರ್ಷ ಜೂನ್‌ನಲ್ಲಿ ಐದು ಬೀಜ ಹಾಕಿದೆ. ಮೂರು ಮೊಳೆತವು. ಆಗಸ್ಟ್ ಹೊತ್ತಿಗೆ ಬಳ್ಳಿ ಚಪ್ಪರದ ಅರ್ಧ ತುಂಬಿತ್ತು. ಒಂದು ಬೆಳಗ್ಗೆ ಕಾಫಿ ಲೋಟ ಹಿಡಿದು ಮೇಲೆ ಹೋದರೆ ಕುಡಿಗಳ ತುಂಬ ಹಸಿರು ಹೇನು. ಎಲೆ ಮುದುರಿ, ಅಂಟಂಟು. ಅದರ ಮಧ್ಯೆ ಓಡಾಡ್ತಿದ್ದ ಇನ್ನೊಂದು ಜಾತಿ ನೋಡಿ ನಿಜವಾಗಲೂ ಹೆದರಿದೆ. ಅಕ್ಕಿಕಾಳಿನಷ್ಟುದ್ದ, ಕಪ್ಪು ಮೈ, ಕಿತ್ತಳೆ ಚುಕ್ಕೆ, ಆರು ಕಾಲು, ಪುಟಾಣಿ ಮೊಸಳೆ ಥರ. ಹೇನು ಚಿಕ್ಕ ಕಳ್ಳ, ಇದು ದೊಡ್ಡ ಕಳ್ಳ ಅಂತ ತೀರ್ಮಾನ ಮಾಡಿದೆ.

ನರ್ಸರಿಯವನೊಬ್ಬ “ಇದನ್ನ ಹೊಡೀರಿ ಮೇಡಂ, ಎಲ್ಲಾ ಕ್ಲೀನ್ ಆಗುತ್ತೆ” ಅಂತ ಒಂದು ಬಾಟಲ್ ಕೊಟ್ಟ. ಆಫೀಸ್ ಮುಗಿಸಿ ಬಂದು ಸಂಜೆ ಆರೂವರೆಗೆ ಹೊಡೆದೆ. ಮಾರನೇ ದಿನ ನಿಜವಾಗಲೂ ಎಲ್ಲಾ ಕ್ಲೀನ್. ಹೇನು ಸತ್ತಿತ್ತು, ಮೊಸಳೆ ಸತ್ತಿತ್ತು, ನೆಲದ ಮೇಲೆ ಎರಡು ದೊಡ್ಡ ಕಂದು ಪತಂಗವೂ ಸತ್ತು ಬಿದ್ದಿದ್ದವು. ಪತಂಗ ಯಾಕೆ ಸತ್ತವು ಅಂತ ಆಗ ಯೋಚನೆ ಮಾಡಲಿಲ್ಲ. ಫೋಟೋ ತೆಗೆದು ಸ್ಟೇಟಸ್ ಹಾಕಿದೆ.

ಎರಡು ವಾರದೊಳಗೆ ಹೇನು ವಾಪಸ್. ಮೊದಲಿಗಿಂತ ಜಾಸ್ತಿ. ಮತ್ತೆ ಹೊಡೆದೆ, ಮತ್ತೆ ಬಂತು. ಇತ್ತ ಬಳ್ಳಿ ತುಂಬ ಬಿಳಿ ಹೂವು, ಆದರೆ ಕಾಯಿ ಇಲ್ಲ. ಕೊನೆಗೆ ಕಚ್ಚಿದ ಎರಡು ಪುಟ್ಟ ಕಾಯಿಗಳಲ್ಲಿ ಒಂದು ಹೆಬ್ಬೆರಳಷ್ಟಾಗಿ ಹಳದಿಯಾಗಿ ಉದುರಿತು. ಇನ್ನೊಂದು ಮುಷ್ಟಿಯಷ್ಟಾದ ಮೇಲೆ ಸೊಟ್ಟಗಾಗಿ ಮೆತ್ತಗಾಯಿತು. ಒಡೆದು ನೋಡಿದರೆ ಒಳಗೆ ಬಿಳಿ ಹುಳ ಮಿಜಿಮಿಜಿ. ಅಕ್ಟೋಬರ್‌ನಲ್ಲಿ ಬಳ್ಳಿ ಕಿತ್ತು ಹಾಕಿದೆ. ಅಮ್ಮ ಫೋನ್ ಮಾಡಿದಾಗ “ಬರ್ತಿದೆ, ಚೆನ್ನಾಗಿದೆ” ಅಂತ ಸುಳ್ಳು ಹೇಳಿದೆ.

ಬಾಟಲಿಯೊಳಗಿನ ಮೊಸಳೆ

ಡಬ್ಬಿಯಲ್ಲಿ ಇನ್ನು ನಾಲ್ಕೇ ಬೀಜ. ಮುಟ್ಟೋಕೆ ಭಯ. ಚಳಿಗಾಲದಲ್ಲಿ ಕೈ ಸುಮ್ಮನಿರದೆ ಅವರೆ ಹಾಕಿದೆ. ಅವರೆಗೆ ಕಪ್ಪು ಹೇನು ಬಾರದೆ ಇರುತ್ತಾ? ಬಂತು. ಅದರ ಹಿಂದೆಯೇ ಆ ಮೊಸಳೆಯೂ ಬಂತು. ಈ ಸಲ ಸ್ಪ್ರೇ ಬಾಟಲಿ ಕೈಗೆತ್ತಿಕೊಂಡವಳು ಯಾಕೋ ನಿಂತೆ. ಕೆಲಸದಲ್ಲಿ ಒಂದು ನಿಯಮ ಇದೆ ನಮ್ಮದು: ಬಗ್ ಅಂತ ಬರೆಯೋ ಮೊದಲು ಅದು ಏನು ಮಾಡುತ್ತೆ ಅಂತ ಕೂತು ನೋಡಬೇಕು. ತಾರಸಿಯಲ್ಲಿ ನಾನು ಆ ಕೆಲಸ ಒಂದು ದಿನವೂ ಮಾಡಿರಲಿಲ್ಲ.

ಖಾಲಿ ಉಪ್ಪಿನಕಾಯಿ ಬಾಟಲಿ ತೊಳೆದು, ಹೇನು ತುಂಬಿದ ಅವರೆ ಕುಡಿ ಒಂದನ್ನು ಒಳಗಿಟ್ಟು, ಒಂದು ಮೊಸಳೆ ಬಿಟ್ಟು, ಬಾಯಿಗೆ ತೆಳು ಬಟ್ಟೆ ಕಟ್ಟಿ ವರ್ಕ್ ಫ್ರಮ್ ಹೋಮ್ ಟೇಬಲ್ ಮೇಲೆ ಇಟ್ಟುಕೊಂಡೆ. ಮೀಟಿಂಗ್ ನಡೀತಿರುವಾಗಲೇ ನೋಡಿದೆ. ಅದು ಎಲೆಗೆ ಬಾಯಿ ಹಾಕಲೇ ಇಲ್ಲ. ಒಂದು ಹೇನು ಹಿಡಿದು ಎತ್ತಿ ತಿಂದಿತು. ಆಮೇಲೆ ಇನ್ನೊಂದು. ಮಧ್ಯಾಹ್ನದ ಹೊತ್ತಿಗೆ ಕುಡಿ ಅರ್ಧ ಖಾಲಿ. ದಿನಾ ಹೊಸ ಕುಡಿ ಹಾಕಿದೆ. ಒಂದು ದಿನ ಅದು ಬಾಟಲಿ ಗೋಡೆಗೆ ಬೆನ್ನು ಬಗ್ಗಿಸಿ ಅಂಟಿಕೊಂಡು ಕಲ್ಲಿನಂತೆ ಕೂತುಬಿಟ್ಟಿತು. ಸತ್ತೇ ಹೋಯ್ತು ಅಂದುಕೊಂಡೆ. ಸುಮಾರು ಐದು ದಿನದ ಮೇಲೆ ಬೆಳಗ್ಗೆ ನೋಡಿದರೆ ಚಿಪ್ಪು ಖಾಲಿ, ಪಕ್ಕದಲ್ಲಿ ಹಳದಿ ಬಣ್ಣದ ಒಂದು ದುಂಡು ಹುಳ. ನನ್ನ ಕಣ್ಣೆದುರೇ, ಲಾಗಿನ್ ಆಗೋದರೊಳಗೆ ಅದರ ಮೈಗೆ ಕೆಂಪು ಏರಿತು, ಬೆನ್ನಿಗೆ ಕಪ್ಪು ಗುರುತು ಮೂಡಿತು.

ಗುಲಗಂಜಿ ಹುಳ! ಚಿಕ್ಕಂದಿನಲ್ಲಿ ಅಂಗೈ ಮೇಲೆ ಬಿಟ್ಟುಕೊಂಡು ಆಡಿದ್ದ ಗುಲಗಂಜಿ ಹುಳ. ಅದರ ಮರಿ ಹೀಗಿರುತ್ತೆ ಅಂತ ಯಾರೂ ಹೇಳಿರಲಿಲ್ಲ. ಹೋದ ವರ್ಷ ನಾನು ಕೊಂದದ್ದು ಎಷ್ಟು ಅಂತ ಲೆಕ್ಕ ಹಾಕೋಕೂ ಮನಸ್ಸಾಗಲಿಲ್ಲ.

ಹೇನು ಯಾಕೆ ಅಷ್ಟು ಬೇಗ ವಾಪಸ್ ಬಂತು ಅನ್ನೋದೂ ಆಮೇಲೆ ಓದಿದಾಗ ಅರ್ಥವಾಯಿತು. ಹೇನಿನ ಹೆಣ್ಣಿಗೆ ಗಂಡಿನ ಹಂಗೇ ಬೇಡ. ಮೊಟ್ಟೆಯನ್ನೂ ಇಡದೆ ನೇರವಾಗಿ ಮರಿ ಹಾಕುತ್ತೆ. ಆ ಮರಿ ಒಂದು ವಾರ, ಹತ್ತು ದಿನದಲ್ಲಿ ತಾನೇ ತಾಯಿ. ಗುಲಗಂಜಿ ಹುಳಕ್ಕೆ ಮೊಟ್ಟೆಯಿಂದ ದೊಡ್ಡದಾಗೋಕೆ ಮೂರು ವಾರ ಬೇಕು. ಎರಡನ್ನೂ ಒಟ್ಟಿಗೆ ಕೊಂದರೆ ಮೊದಲು ಎದ್ದು ಬರೋದು ಹೇನೇ. ಸಾಲದ್ದಕ್ಕೆ ಇರುವೆ. ಹೇನು ಬಿಡೋ ಸಿಹಿ ರಸಕ್ಕಾಗಿ ಇರುವೆಗಳು ಅದನ್ನು ಹಸು ಸಾಕಿದ ಹಾಗೆ ಸಾಕುತ್ತವೆ, ಗುಲಗಂಜಿ ಹುಳ ಬಂದರೆ ಓಡಿಸುತ್ತವೆ. ಹೀಗಾಗಿ ಈಗ ಹೇನು ಕಂಡರೆ ನಾನು ಮೊದಲು ಬಳ್ಳಿ ಬುಡದಲ್ಲಿ ಇರುವೆ ಸಾಲು ಹುಡುಕ್ತೀನಿ. ಇರುವೆ ಹತ್ತೋ ದಾರಿ ತಪ್ಪಿಸಿ, ಕುಡಿಗೆ ನೀರಿನ ಪೈಪಿನಿಂದ ಜೋರಾಗಿ ಒಂದು ಸಲ ಬಿಟ್ಟರೆ ಅರ್ಧ ಕೆಲಸ ಆಗುತ್ತೆ. ಉಳಿದರ್ಧ ಮೊಸಳೆಗಳಿಗೆ.

ಇಪ್ಪತ್ತೆಂಟು ಚುಕ್ಕೆಯ ಮೋಸ

ಜ್ಞಾನೋದಯ ಆದವರ ಕಾಟ ಗೊತ್ತಲ್ಲ. ನಾನೂ ಹಾಗೇ ಆದೆ. ಚುಕ್ಕೆ ಇರೋ ಹುಳ ಕಂಡರೆ ಸಾಕು, ಮನೆ ದೇವರು ಬಂದ ಹಾಗೆ. ಬೇಸಿಗೆಯಲ್ಲಿ ಹಾಗಲ ಹಾಕಿದ್ದೆ. ಅದರ ಮೇಲೆ ಕಿತ್ತಳೆ ಬಣ್ಣದ ಚುಕ್ಕೆ ಹುಳಗಳು ನಾಲ್ಕಾರು ಬಂದವು. “ಬನ್ನಿ ಬನ್ನಿ” ಅಂದೆ. ಗಂಡನಿಗೂ ಮುಟ್ಟಬೇಡ ಅಂತ ತಾಕೀತು ಮಾಡಿದೆ. ಒಂದು ವಾರಕ್ಕೆ ಹಾಗಲದ ಎಲೆಗಳು ಕಸೂತಿ ಹಾಕಿದ ಕರ್ಚೀಫಿನಂತಾದವು. ಹಸಿರೆಲ್ಲ ಹೋಗಿ ನರ ಮಾತ್ರ.

ಅದು ಗುಲಗಂಜಿ ಹುಳದ ಕುಟುಂಬದ್ದೇ, ಆದರೆ ಸಸ್ಯಾಹಾರಿ ಶಾಖೆ. ಬದನೆ, ಆಲೂಗಡ್ಡೆ, ಹಾಗಲ ಅಂದರೆ ಪ್ರಾಣ. ವೈಜ್ಞಾನಿಕ ಹೆಸರಿನಲ್ಲೇ ಇಪ್ಪತ್ತೆಂಟು ಚುಕ್ಕೆ ಅಂತ ಇದೆ. ಎಣಿಸಿದೆ, ಸುಳ್ಳಲ್ಲ. ಈಗ ನನ್ನ ಗುರುತು ಹೀಗೆ: ಮಿತ್ರನ ಬೆನ್ನು ಹೊಸ ಕಾರಿನಂತೆ ಹೊಳೆಯುತ್ತೆ, ಚುಕ್ಕೆ ಕಮ್ಮಿ, ಇಲ್ಲವೇ ಅಡ್ಡ ಗೆರೆ. ಶತ್ರುವಿನ ಬೆನ್ನು ಮಾಸಲು, ಮೈಮೇಲೆ ಸಣ್ಣ ರೋಮ, ಚುಕ್ಕೆ ಕಂಡಾಪಟ್ಟೆ. ಮರಿಗಳಲ್ಲಂತೂ ಗೊಂದಲವೇ ಇಲ್ಲ. ಕಪ್ಪು ಮೊಸಳೆ ನಮ್ಮದು; ಎಲೆ ಅಡಿಯಲ್ಲಿ ಮುಳ್ಳು ಮುಳ್ಳಾಗಿ ಹಳದಿಗೆ ಕೂತಿರೋದು ಅವರದು. ಮೊಬೈಲಲ್ಲಿ ಜೂಮ್ ಮಾಡಿದರೆ ಸಾಕು, ಭೂತಗನ್ನಡಿ ಬೇಕಿಲ್ಲ. ಹಳದಿ ಮರಿ, ಮೊಟ್ಟೆ ಇರೋ ಎಲೆ ಕಿತ್ತು ಸೋಪಿನ ನೀರಿಗೆ ಹಾಕ್ತೀನಿ. ಕೈ ನಡುಗಲ್ಲ ಈಗ.

ನಾಲ್ಕು ಬೀಜ

ಈ ಜೂನ್‌ನಲ್ಲಿ ಉಳಿದ ನಾಲ್ಕನ್ನೂ ಹಾಕಿಬಿಟ್ಟೆ. ಬೀಜವನ್ನು ಡಬ್ಬಿಯಲ್ಲಿ ಇನ್ನೊಂದು ವರ್ಷ ಇಟ್ಟರೆ ಮೊಳೆಯೋ ಶಕ್ತಿಯೇ ಹೋದರೆ ಅನ್ನೋ ಭಯ. ಒಂದು ರಾತ್ರಿ ನೀರಲ್ಲಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಮೊಳಕೆ ಕಂಡ ಮೇಲೆ ಮಣ್ಣಿಗೆ. ಮೂರು ಬಂದವು. ಒಂದು ಬರಲೇ ಇಲ್ಲ.

ಎರಡು ಎಲೆ ಬಿಡೋ ಹೊತ್ತಿಗೆ ಕೆಂಪು ಕುಂಬಳ ದುಂಬಿ ಬಂತು. ಕಿತ್ತಳೆಗೆಂಪು, ಉದ್ದನೆ ಮೈ, ಚುಕ್ಕೆ ಇಲ್ಲ. ಬಳ್ಳಿ ದೊಡ್ಡದಾದ ಮೇಲೆ ಇದು ನಾಲ್ಕು ತೂತು ಮಾಡಿದರೆ ಏನೂ ಆಗಲ್ಲ, ಸಸಿಯಲ್ಲಿ ಬಂದರೆ ಒಂದೇ ದಿನ ಸಾಕು. ಶನಿವಾರ ಸ್ವಲ್ಪ ಜಾಸ್ತಿ ಮಲಗಿದ್ದೆ, ಅಷ್ಟೇ. ಎದ್ದು ಹೋಗುವಷ್ಟರಲ್ಲಿ ಒಂದು ಸಸಿಯ ಎಲೆಯೆಲ್ಲ ಜರಡಿ. ಉಳಿದ ಎರಡಕ್ಕೆ ಹಳೇ ಸೊಳ್ಳೆ ಪರದೆ ತುಂಡು ಹೊದಿಸಿದೆ. ಬೆಳಗಿನ ಚಳಿಯಲ್ಲಿ ಈ ದುಂಬಿ ಮಂಕಾಗಿರುತ್ತೆ, ಆರೂವರೆಗೆ ಹೋದರೆ ಕೈಯಲ್ಲೇ ಹಿಡೀಬಹುದು. “ಅಜ್ಜಿ ಎಲೆ ಮೇಲೆ ಬೂದಿ ಎರಚೋಳು” ಅಂದಳು ಅಮ್ಮ. ಗ್ಯಾಸ್ ಒಲೆಯಲ್ಲಿ ಬೂದಿ ಎಲ್ಲಿ? ಇಸ್ತ್ರಿ ಅಂಗಡಿಯವನ ಹತ್ತಿರ ಇದ್ದಿಲು ಬೂದಿ ಕೇಳಿ ತಂದೆ. ಅವನು ಏನಂದುಕೊಂಡನೋ.

ಆಗಸ್ಟ್‌ನಲ್ಲಿ ಹೂವು. ಮೊದಲು ಬಂದದ್ದೆಲ್ಲ ಗಂಡು. ಇದಕ್ಕೆ ಗಾಬರಿಯಾಗಬೇಡಿ, ಬಳ್ಳಿ ತರಕಾರಿಗಳ ರೀತಿಯೇ ಅದು. ಸೋರೆಯಲ್ಲಿ ಹೆಣ್ಣು ಹೂವು ಹೆಚ್ಚು ಬರೋದು ಪಕ್ಕದ ಕವಲುಗಳಲ್ಲಿ. ಅದಕ್ಕೇ ತುದಿ ಚಿವುಟಿ ಕವಲು ಒಡೆಸುತ್ತಾರೆ. ತಾರಸಿ ತೋಟದವರು ಇದನ್ನು ‘ಥ್ರೀ ಜಿ ಕಟಿಂಗ್’ ಅಂತಾರೆ. ಮೊಬೈಲ್ ನೆಟ್‌ವರ್ಕ್ ಅಲ್ಲ ಮಾರಾಯ್ರೆ, ಮೂರನೇ ತಲೆಮಾರಿನ ಕವಲು ಅಂತ ಅರ್ಥ. ಹೆಣ್ಣು ಹೂವು ಗುರುತಿಸೋದು ಸುಲಭ, ಹೂವಿನ ಹಿಂದೆ ಪುಟಾಣಿ ಕಾಯಿ ಇರುತ್ತೆ. ಅಜ್ಜಿಯ ಸೋರೆಯದು ಪುಟಾಣಿ ತಂಬಿಗೆ.

ಮೊದಲ ವರ್ಷದ ನನ್ನ ದೊಡ್ಡ ತಪ್ಪು ಗೊತ್ತಾಗಿದ್ದು ಇಲ್ಲೇ. ಸೋರೆ ಹೂವು ಬಿಳಿ, ಅರಳೋದು ಸಂಜೆ. ಕತ್ತಲಲ್ಲಿ ಬಿಳಿ ಕಾಣೋದು ಯಾರಿಗೆ? ಪತಂಗಗಳಿಗೆ. ಪಡವಲದ್ದೂ ಹಾಗೇ, ಜಾಲರಿ ಅಂಚಿನ ಬಿಳಿ ಹೂವು ರಾತ್ರಿಯದು. ಹೀರೆ ಹಳದಿಯಾದರೂ ಸಂಜೆಗೇ ಅರಳುತ್ತೆ. ಕುಂಬಳ, ಹಾಗಲ, ತುಪ್ಪದ ಹೀರೆ ಬೆಳಗಿನವು. ಅವಕ್ಕೆ ಜೇನು, ಗುಂಯ್ ಅನ್ನೋ ದೊಡ್ಡ ಕಪ್ಪು ದುಂಬಿ. ನಾನು ವಿಷ ಹೊಡೆದಿದ್ದು ಸಂಜೆ ಆರೂವರೆಗೆ, ಸರಿಯಾಗಿ ಹೂವು ಬಾಯಿ ತೆರೆದ ಹೊತ್ತಿಗೆ. ನೆಲದ ಮೇಲೆ ಸತ್ತು ಬಿದ್ದಿದ್ದ ಆ ಎರಡು ಪತಂಗ ನನ್ನ ಕಾಯಿಗಾಗಿಯೇ ಬಂದಿದ್ದವು.

ಈ ಸಲ ಅವುಗಳನ್ನೇ ನಂಬಿ ಕೂರೋಷ್ಟು ಧೈರ್ಯ ಇರಲಿಲ್ಲ. ಏಳು ಗಂಟೆಗೆ ವಿದೇಶದ ಟೀಮ್ ಜೊತೆ ಕಾಲ್ ಇರ್ತಿತ್ತು. ಕಿವಿಗೆ ಇಯರ್‌ಫೋನ್, ಮೈಕ್ ಮ್ಯೂಟ್, ಬಾಯಲ್ಲಿ ಟಾರ್ಚ್. ಗಂಡು ಹೂವು ಕಿತ್ತು ಎಸಳು ತೆಗೆದು, ಮಧ್ಯದ ಪುಡಿ ಇರೋ ಭಾಗವನ್ನು ಹೆಣ್ಣು ಹೂವಿನ ಮಧ್ಯಕ್ಕೆ ಮೆಲ್ಲಗೆ ಒರೆಸೋದು. ಅಷ್ಟೇ ಕೆಲಸ. ಬೀಜಕ್ಕೆ ಅಂತ ಇಟ್ಟುಕೊಂಡ ಹೂವನ್ನು ಅರಳೋ ಮೊದಲೇ ದಾರದಿಂದ ಸಡಿಲವಾಗಿ ಕಟ್ಟಿ, ಪರಾಗ ಒರೆಸಿ, ಮತ್ತೆ ಕಟ್ಟಿದೆ. ಬೇರೆ ಯಾರದೋ ಮನೆಯ ಉದ್ದ ಸೋರೆಯ ಪರಾಗ ಬಿದ್ದರೆ ಮುಂದಿನ ತಲೆಮಾರು ತಂಬಿಗೆಯಾಗಿ ಉಳಿಯುತ್ತೆ ಅನ್ನೋ ಭರವಸೆ ಇಲ್ಲ. ಒಂದು ಸಲ ಮ್ಯೂಟ್ ಮಾಡೋದು ಮರೆತು “ಬಂಗಾರ, ಕಚ್ಚಿಕೋ” ಅಂದಿದ್ದು ಎಲ್ಲರಿಗೂ ಕೇಳಿಸಿತು. ಪುಣ್ಯಕ್ಕೆ ಕನ್ನಡ ಬರೋರು ಇಬ್ಬರೇ ಇದ್ದರು.

ಮೂರು ಕಾಯಿ ಕಚ್ಚಿದವು.

ಇನ್ನುಳಿದಿದ್ದು ಹಣ್ಣುನೊಣ, ಕಾಯೊಳಗೆ ಹುಳ ಮಾಡಿದ ಆಸಾಮಿ. ನೋಡೋಕೆ ಸಣ್ಣ ಕಣಜದ ಹಾಗೆ ಕಂದು ಹಳದಿ. ಎಳೇ ಕಾಯಿಗೆ ಸೂಜಿ ಚುಚ್ಚಿದ ಹಾಗೆ ಚುಚ್ಚಿ ಒಳಗೆ ಮೊಟ್ಟೆ ಇಡುತ್ತೆ. ಚುಚ್ಚಿದಲ್ಲಿ ಅಂಟಿನಂಥ ಹನಿ ಕಂಡರೆ ಕಥೆ ಮುಗೀತು ಅಂತ ಅರ್ಥ. ಒಳಗಿರೋ ಹುಳಕ್ಕೆ ಹೊರಗಿನ ಯಾವ ಸ್ಪ್ರೇಯೂ ತಟ್ಟಲ್ಲ. ಆನ್‌ಲೈನಲ್ಲಿ ಬಲೆ ತರಿಸಿದೆ. ಬಂದದ್ದು ಮಾವಿನ ನೊಣಕ್ಕೆ ಹಾಕೋ ಮಿಥೈಲ್ ಯುಜೆನಾಲ್. ಸೋರೆ, ಹಾಗಲ, ಹೀರೆಗೆ ಬರೋ ನೊಣಕ್ಕೆ ಬೇಕಾದ್ದು ಕ್ಯೂ ಲ್ಯೂರ್. ಪೊಟ್ಟಣದ ಮೇಲೆ ಹೆಸರು ನೋಡಿ ತಗೊಳ್ಳಿ. ಅದರಲ್ಲೂ ಬೀಳೋದು ಗಂಡು ನೊಣ ಮಾತ್ರ, ಆಗಲೇ ಬಸಿರಾದ ಹೆಣ್ಣು ಆರಾಮಾಗಿ ಬಂದು ಚುಚ್ಚುತ್ತೆ. ಹಾಗಾಗಿ ತಾರಸಿಯ ನಾಲ್ಕು ಬಳ್ಳಿಗೆ ಎಲ್ಲಕ್ಕಿಂತ ಒಳ್ಳೇದು ಬಟ್ಟೆ ಚೀಲ. ಹೂವು ಬಾಡಿದ ಮಾರನೇ ದಿನವೇ ಹಾಕಬೇಕು. ಮೂರರಲ್ಲಿ ಒಂದಕ್ಕೆ ನಾಳೆ ಹಾಕಿದರಾಯ್ತು ಅಂತ ಬಿಟ್ಟೆ, ಅದೇ ಹೋಯ್ತು. ಕೊಳೆತ ಕಾಯಿಯನ್ನು ಕಾಂಪೋಸ್ಟಿಗೆ ಹಾಕಬೇಡಿ. ಹುಳ ಮಣ್ಣಿಗಿಳಿದು ಕೋಶವಾಗಿ ಮತ್ತೆ ನೊಣವಾಗಿ ಬರುತ್ತೆ. ಪ್ಲಾಸ್ಟಿಕ್ ಕವರಲ್ಲಿ ಬಿಗಿಯಾಗಿ ಕಟ್ಟಿ ನಾಲ್ಕು ದಿನ ಬಿಸಿಲಿಗಿಟ್ಟು ಬಿಸಾಕಿ. ಉಳಿದೆರಡಕ್ಕೆ ನನ್ನ ಹಳೇ ದುಪಟ್ಟಾ ಹರಿದು ಹೊಲಿದ ಚೀಲ, ಹಗ್ಗದ ತೊಟ್ಟಿಲು.

ಬೇವಿನೆಣ್ಣೆ ಹೊಡೆಯೋದೇ ಇಲ್ವಾ ಅಂತ ಕೇಳಬಹುದು. ಹೊಡೀತೀನಿ, ಒಂದು ಲೀಟರ್ ನೀರಿಗೆ 5 ಎಂಎಲ್, ಬೆರೆಯೋಕೆ ನಾಲ್ಕು ಹನಿ ಸೋಪು. ಬೇವು ಅಂದ ಮಾತ್ರಕ್ಕೆ ಮಿತ್ರರಿಗೆ ಏನೂ ಆಗಲ್ಲ ಅಂತಲ್ಲ. ಮೊಸಳೆ ಮರಿ ಇರೋ ಕುಡಿಗೆ ಅದನ್ನೂ ಮುಟ್ಟಿಸಲ್ಲ. ಸೋರೆಗೆ ಬೆಳಗ್ಗೆ ಬಿಸಿಲೇರೋ ಮುಂಚೆ, ಹಾಗಲಕ್ಕೆ ಸಂಜೆ. ಹೂವಿನ ಡ್ಯೂಟಿ ಟೈಮ್ ತಪ್ಪಿಸಿ.

ಗೌರಿ ಹಬ್ಬದ ಮುಂದಿನ ವಾರ ಅಮ್ಮ ಬಂದಾಗ ಒಂದು ಕಾಯಿ ಕಿತ್ತೆವು. ಕೀಳೋಕೂ ಮುಂಚೆ ಹೋದ ವರ್ಷದ ಸುಳ್ಳನ್ನು ಒಪ್ಪಿಕೊಂಡೆ. ಅಮ್ಮ ಏನೂ ಅನ್ನಲಿಲ್ಲ, ಕಾಯಿಯ ಹೊಟ್ಟೆ ಸವರಿದಳು. ಹೆಚ್ಚಿದ ಮೇಲೆ ಒಂದು ಚೂರು ಹಸಿಯಾಗಿ ಬಾಯಿಗೆ ಹಾಕಿ ಕಹಿ ಇಲ್ಲ ಅಂತ ನೋಡಿಯೇ ಒಲೆಗಿಟ್ಟಳು. ಇದನ್ನು ನೀವೂ ಮಾಡಿ. ಕಹಿ ಸೋರೆ ನಿಜವಾಗಲೂ ಅಪಾಯ. ಕಹಿ ಸೋರೆ ಜ್ಯೂಸ್ ಕುಡಿದು ಜೀವ ಕಳಕೊಂಡವರಿದ್ದಾರೆ, ಐಸಿಎಂಆರ್ ತಜ್ಞರ ಸಮಿತಿಯೂ ಎಚ್ಚರಿಕೆ ಕೊಟ್ಟಿದೆ. ಕಹಿ ಅನ್ನಿಸಿದರೆ ಉಗಿದು, ಇಡೀ ಕಾಯಿ ಎಸೆಯಿರಿ.

ಅರ್ಧ ಹುಳಿಗೆ, ಅರ್ಧ ತುರಿದು ದೋಸೆಗೆ ಹೋಯಿತು. ಓನರ್ ಆಂಟಿಗೂ ಎರಡು ದೋಸೆ. ಅಮ್ಮ ಮೂರು ದೋಸೆ ಸುಮ್ಮನೆ ತಿಂದಳು. ಕೊನೆಗೆ “ಉಪ್ಪು ಸ್ವಲ್ಪ ಕಮ್ಮಿ ಆಗಿದೆ ಕಣೆ, ಉಳಿದಿದ್ದೆಲ್ಲ ಅದೇ” ಅಂದಳು. ‘ಅದೇ’ ಅಂದರೆ ಏನು ಅಂತ ನಾನೂ ಕೇಳಲಿಲ್ಲ.

ಇನ್ನೊಂದು ಕಾಯಿಯನ್ನು ಕೀಳಲಿಲ್ಲ. ಗಂಡ ಎರಡು ಸಲ ಕೇಳಿದ, ಮೂರನೇ ಸಲ ಕೇಳಲಿಲ್ಲ. ದೀಪಾವಳಿ ಹೊತ್ತಿಗೆ ಬಳ್ಳಿ ಒಣಗಿ ಹಗ್ಗದಂತಾಯಿತು, ಕಾಯಿ ಹಸಿರು ಹೋಗಿ ಗೋಧಿ ಬಣ್ಣಕ್ಕೆ ತಿರುಗಿತು. ಚೀಲ ಬಿಚ್ಚಿ ದಿನಾ ಬೆಳಗ್ಗೆ ಬೆರಳಲ್ಲಿ ತಟ್ಟಿ ನೋಡ್ತಿದ್ದೆ. ಎಷ್ಟೋ ದಿನ ದಪ್ಪ ಸದ್ದೇ. ಹೋದ ಭಾನುವಾರ ಎತ್ತಿದರೆ ಹಗುರ ಅನ್ನಿಸಿತು. ಅಮ್ಮನಿಗೆ ವಿಡಿಯೋ ಕಾಲ್ ಹಚ್ಚಿ, ಫೋನಿನ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿದೆ. ಒಳಗೆ ಬೀಜ ಗಲಗಲ ಅಂದವು. “ಇನ್ನೊಂದ್ಸಲ” ಅಂದಳು ಅಮ್ಮ.